ಹ್ಯಾಮ್ ರೇಡಿಯೊಗೆ ಮರಳುತ್ತಿದ್ದೀರಾ? ರಿಗ್ ಆಮೇಲೆ, ಮೊದಲು ಮಾಳಿಗೆ ಹತ್ತಿ

ಇಪ್ಪತ್ತು ವರ್ಷ ಅಟ್ಟದ ಮೇಲೆ ಬಿದ್ದಿದ್ದ ಮೋರ್ಸ್ ಕೀ ಕೆಳಗಿಳಿಸಿ ಧೂಳು ಒರೆಸಿದ ದಿನವೇ ನಾನು ರಿಗ್ (ಹ್ಯಾಮ್ ಹವ್ಯಾಸಿಗಳು ಮಾತಾಡಲು, ಕೇಳಲು ಬಳಸುವ ರೇಡಿಯೊ ಸೆಟ್) ಹುಡುಕಲು ಕೂತೆ. ಎಡವಿದ್ದು ಅಲ್ಲೇ. ರೊಕ್ಕ ಎಣಿಸುವ ಮೊದಲು ಮಾಡುವ ಕೆಲಸ ಬೇರೆ ಇದೆ.

ಹಳೇ ಲೈಸೆನ್ಸ್ ತೆಗೆದು ತಾರೀಖು ನೋಡಿ. ಮುಗಿದಿದ್ದರೆ ದೂರಸಂಪರ್ಕ ಇಲಾಖೆಯ ಸರಳ ಸಂಚಾರ ಪೋರ್ಟಲ್ ತೆರೆಯಿರಿ. ಅದು ಸರಿಯಾಗುವ ತನಕ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತುವ ಮಾತೇ ಇಲ್ಲ.

ಈಗ ಟೇಪು ಹಿಡಿದು ಮಾಳಿಗೆ ಹತ್ತಿ. ಡೈಪೋಲ್ (ನಡುವೆ ಕೇಬಲ್ ಸೇರುವ ತಂತಿಯ) ಆಂಟೆನಾದ ಉದ್ದಕ್ಕೆ ಸುಲಭ ಲೆಕ್ಕವಿದೆ: 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್, ಅಂದರೆ 66 ಅಡಿ. ಹುಬ್ಬಳ್ಳಿಯ 30-40 ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ಅಳೆದರೂ 50 ಅಡಿ ಅಷ್ಟೇ! ತುದಿಗಳನ್ನು ಮಡಚಿ ಇಳಿಬಿಡಬೇಕು. 14 ಮೆಗಾಹರ್ಟ್ಸ್‌ಗೆ 33 ಅಡಿ ಸಾಕು, ಆರಾಮಾಗಿ ಕೂರುತ್ತದೆ. ಕರೆಂಟ್ ತಂತಿ ಹತ್ತಿರವಿದ್ದರೆ ಆ ಕಡೆ ಕಟ್ಟಲೇಬೇಡಿ.

ಆಮೇಲೆ ಗದ್ದಲದ ಪರೀಕ್ಷೆ, ಅಂದರೆ ಮನೆಯ ಯಾವ ಉಪಕರಣ ರೇಡಿಯೊದಲ್ಲಿ ಗೊರಗೊರ ಹುಟ್ಟಿಸುತ್ತದೆ ಅಂತ ಹುಡುಕುವುದು. ನಾವು ಈ ಹವ್ಯಾಸ ಬಿಟ್ಟಾಗ ಮನೆಯಲ್ಲಿ ಇಷ್ಟು ಎಲ್‌ಇಡಿ ಬಲ್ಬು, ಚಾರ್ಜರ್, ಸೋಲಾರ್ ಇನ್ವರ್ಟರ್ ಇರಲಿಲ್ಲ, ಅಲ್ವಾ? ಸೆಲ್ ಹಾಕಿದ ಶಾರ್ಟ್‌ವೇವ್ ರೇಡಿಯೊ ಹಚ್ಚಿ, ಮೇನ್ ಸ್ವಿಚ್ ಆಫ್ ಮಾಡಿ. ಒಂದೊಂದೇ ಎಂಸಿಬಿ ಎತ್ತುತ್ತ ಕೇಳಿ. ನಮ್ಮಲ್ಲಿ ಗೊರ್ರೋ ಅನ್ನುತ್ತಿದ್ದದ್ದು ದೇವರ ಮನೆಯ ಸಣ್ಣ ಬಲ್ಬು.

ಈಗ ರಿಗ್. ಊರೊಳಗಿನ ಗೆಳೆಯರ ಜೊತೆ ಹರಟೆ ಸಾಕು ಅನ್ನುವವರಿಗೆ 144–146 ಮೆಗಾಹರ್ಟ್ಸ್‌ನ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್) ಸಾಕು. ಎತ್ತರ ಸಿಕ್ಕಷ್ಟೂ ಲಾಭ, ಒಂದು ಸಂಜೆ ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ ಒಯ್ದು ನೋಡಿ. ದೂರ ಬೇಕೆಂದರೆ ಶಾರ್ಟ್‌ವೇವ್, ಅಂದರೆ ಎಚ್‌ಎಫ್. 2016ರಲ್ಲಿ ಬಂದ ಐಕಾಮ್ ಐಸಿ-7300 ಬ್ಯಾಂಡನ್ನೇ ಪರದೆಯ ಮೇಲೆ ತೋರಿಸುತ್ತದೆ, ಒಂದೇ ಯುಎಸ್‌ಬಿ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಸೇರಿ ಚಿಕ್ಕ ಡಿಜಿಟಲ್ ಸಂದೇಶಗಳ ಎಫ್‌ಟಿ8 ಆಡುತ್ತದೆ. 100 ವ್ಯಾಟ್. ಬೆಸುಗೆ ಹಾಕುವ ಕೈ ಇನ್ನೂ ತುರಿಸುತ್ತಿದ್ದರೆ ಹೈದರಾಬಾದಿನ ಅಶ್ಹರ್ ಫರ್ಹಾನ್ ವಿನ್ಯಾಸದ, ಮನೆಯಲ್ಲೇ ಜೋಡಿಸುವ ಬಿಟ್‌ಎಕ್ಸ್ ಇದೆ. ಸಣ್ಣ ಮಾಳಿಗೆಯವರಿಗೆ ನನ್ನ ಓಟು ಶಿಯೆಗು ಜಿ90ಗೆ. 20 ವ್ಯಾಟ್ ಅಷ್ಟೇ, ಆದರೆ ಒಳಗೇ ಆಂಟೆನಾವನ್ನು ರಿಗ್ಗಿಗೆ ಹೊಂದಿಸುವ ಆಟೊಮ್ಯಾಟಿಕ್ ಟ್ಯೂನರ್ ಇದೆ, ಮಡಚಿದ ಆಂಟೆನಾವನ್ನೂ ಸಂಭಾಳಿಸುತ್ತದೆ. 100 ಎಲ್ಲಿ, 20 ಎಲ್ಲಿ ಅಂತ ಮುಖ ಸಣ್ಣ ಮಾಡಬೇಡಿ. ಐದು ಪಟ್ಟು ಅಂದರೆ 7 ಡೆಸಿಬಲ್. ಆ ಕಡೆಯವರ ಸಿಗ್ನಲ್ ಅಳೆಯುವ ಎಸ್-ಮೀಟರಿನಲ್ಲಿ ಒಂದು ಗೆರೆಗಿಂತ ತುಸು ಜಾಸ್ತಿ.

ಧಾರವಾಡ ಆಕಾಶವಾಣಿಯ ಟ್ರಾನ್ಸ್‌ಮಿಟರ್ ಹತ್ತಿರ ಮನೆ ಇದ್ದವರು ಇನ್ನೊಂದು ನೋಡಬೇಕು. 765 ಕಿಲೋಹರ್ಟ್ಸ್‌ನ ಆ ಜೋರಿಗೆ ಅಗ್ಗದ ರಿಸೀವರ್ ತತ್ತರಿಸಬಹುದು. ಎರವಲು ತಂದು ಮನೆಯಲ್ಲೇ ಕೇಳಿ, ಆಮೇಲೆ ಕೊಳ್ಳಿ.

ಪವರ್ ಸಪ್ಲೈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. 100 ವ್ಯಾಟಿನ ರಿಗ್ 13.8 ವೋಲ್ಟಿನಲ್ಲಿ 20 ಆಂಪಿಯರ್ ಸುತ್ತಮುತ್ತ ಎಳೆಯುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ಸಾಧನ), ವ್ಯಾಟ್‌ಮೀಟರ್ ಇಲ್ಲದೆ ಹೋಗಬೇಡಿ. ನಾನು ಸುಮ್ನೆ ಹತ್ತು ನಿಮಿಷ ಕೇಳಿ ಖುಷಿಪಟ್ಟು ರೊಕ್ಕ ಕೊಟ್ಟೆ. ಮನೆಗೆ ತಂದು ಕೀ ಒತ್ತಿದರೆ ಮುಳ್ಳು 90ಕ್ಕೆ ಹಾರಿತು, ಅರ್ಧ ನಿಮಿಷದಲ್ಲಿ 30ಕ್ಕೆ ಕುಸಿಯಿತು. ಪವರ್ ಹೊರಗೆ ಕಳಿಸುವ ಫೈನಲ್ ಟ್ರಾನ್ಸಿಸ್ಟರ್ ಹೋಗಿತ್ತು. ಹಾಗಾಗಿ ಮಾರುವವರ ಎದುರೇ ಪ್ರತಿ ಬ್ಯಾಂಡಿನಲ್ಲೂ ಸ್ವಲ್ಪ ಹೊತ್ತು ಒತ್ತಿ, ಮುಳ್ಳು ನಿಲ್ಲುತ್ತದೆಯೇ ನೋಡಿ. ಅಟ್ಟದಲ್ಲಿರುವ ಹಳೇ ಎಂಟು ಪಿನ್ನಿನ ಮೈಕ್ ಹೊಸ ರಿಗ್ಗಿಗೆ ಕೂರುತ್ತದೆ ಅಂತ ಚುಚ್ಚಲು ಹೋಗಬೇಡಿ. ಸಾಕೆಟ್ ಒಂದೇ ಥರ ಕಂಡರೂ ಕಂಪನಿಗೊಂದು ವೈರಿಂಗ್ ಇರುತ್ತದೆ.