ಮಿದುಳ ಮೇಲಿನ ಹಳೆಯ ರಕ್ತ ತೆಗೆಯುವ ಬಗೆ: ನನ್ನ ಅನುಭವ

ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ ಅಂದರೆ ಮಿದುಳಿಗೂ ಅದರ ಹೊರಪೊರೆ ಡ್ಯೂರಾಗೂ ನಡುವೆ ನಿಧಾನವಾಗಿ ಸೇರಿಕೊಂಡ ಹಳೆಯ ರಕ್ತ. ನ್ಯೂರೋಸರ್ಜರಿ ಕಲಿಯುವವರ ಕೈಗೆ ಮೊದಮೊದಲು ಸಿಗುವ ಆಪರೇಷನ್ನುಗಳಲ್ಲಿ ಇದೂ ಒಂದು, ಹಾಗಾಗಿ ಹಗುರವಾಗಿ ಕಾಣುವವರೇ ಹೆಚ್ಚು. ಬುರುಡೆಯಲ್ಲಿ ತೂತು ಕೊರೆಯುವುದೇನೋ ಸುಲಭ. ರಕ್ತ ಮತ್ತೆ ತುಂಬಿಕೊಳ್ಳದಂತೆ ನೋಡಿಕೊಳ್ಳುವುದೇ ಕಷ್ಟ.

ರೋಗಿಗಳು ಬಹುತೇಕ ವಯಸ್ಸಾದವರು. ಬಚ್ಚಲಲ್ಲಿ ಜಾರಿಯೋ ಬಾಗಿಲಿಗೆ ತಲೆ ತಾಗಿಯೋ ಹಲವು ವಾರ ಕಳೆದಿರುತ್ತದೆ, ಮನೆಯವರಿಗೂ ಅದು ಮರೆತುಹೋಗಿರುತ್ತದೆ. ತಲೆನೋವು, ನಡಿಗೆಯಲ್ಲಿ ತೂರಾಟ, ಒಂದು ಕೈಯಲ್ಲಿ ಬಲ ಕಮ್ಮಿ, ಇದ್ದಕ್ಕಿದ್ದಂತೆ ಹೆಚ್ಚಾದ ಮರೆವು. ಲಕ್ವ ಎಂದುಕೊಂಡು, ರಕ್ತ ಹೆಪ್ಪುಗಟ್ಟದಂತೆ ಮಾಡುವ ಆಸ್ಪಿರಿನ್ ಶುರು ಮಾಡಿಸಿಕೊಂಡು ಬರುವವರೂ ಇದ್ದಾರೆ. ಸಿಟಿ ಸ್ಕ್ಯಾನ್‌ನಲ್ಲಿ ಮೋಸವಾಗುವುದು ಎರಡು-ಮೂರು ವಾರದ ರಕ್ತದಲ್ಲಿ. ಆಗ ಅದರ ಬಣ್ಣ ಮಿದುಳಿನ ಬಣ್ಣಕ್ಕೇ ಸರಿಸಮವಾಗಿರುತ್ತದೆ. ಎರಡೂ ಬದಿ ಇದ್ದರಂತೂ ಮಿದುಳಿನ ಎರಡು ಅರ್ಧಗಳ ನಡುಗೆರೆಯೂ ಸರಿದಿರುವುದಿಲ್ಲ. ವಯಸ್ಸಾದವರ ಸ್ಕ್ಯಾನ್‌ನಲ್ಲಿ ಮಿದುಳಿನ ಸುಕ್ಕುಗಳು ಕಾಣುತ್ತಿಲ್ಲವೆಂದರೆ ನಾನು ಅನುಮಾನಪಡುತ್ತೇನೆ.

ತೊಂದರೆ ಇದ್ದು, ರಕ್ತದ ದಪ್ಪ 10 ಮಿ.ಮೀ. ಅಥವಾ ನಡುಗೆರೆಯ ಸರಿತ 5 ಮಿ.ಮೀ. ಮೀರಿದರೆ ಆಪರೇಷನ್. ರಕ್ತ ತೆಳುಮಾಡುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ವಿಟಮಿನ್ ಕೆ ಜೊತೆಗೆ, ಹೆಪ್ಪುಗಟ್ಟಿಸುವ ಅಂಶಗಳಿರುವ ಪ್ರೋಥ್ರಾಂಬಿನ್ ಕಾಂಪ್ಲೆಕ್ಸ್ ಅಥವಾ ಪ್ಲಾಸ್ಮಾ ಕೊಟ್ಟು, ರಕ್ತ ಹೆಪ್ಪುಗಟ್ಟುವ ಅಳತೆಯಾದ ಐಎನ್‌ಆರ್ 1.4ಕ್ಕಿಂತ ಕೆಳಗೆ ತರುತ್ತೇನೆ. ಪ್ರಜ್ಞೆ ಚೆನ್ನಾಗಿದ್ದು ಕಾಯಬಹುದಾದರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನಿಲ್ಲಿಸಿ ವಾರ ಬಿಡುತ್ತೇನೆ. ಪ್ರಜ್ಞೆ ಕುಸಿಯುತ್ತಿದ್ದರೆ ಕಾಯುವ ಮಾತಿಲ್ಲ.

ಭುಜದ ಕೆಳಗೆ ಸುತ್ತಿದ ಬಟ್ಟೆ ಇಟ್ಟು ತಲೆ ತಿರುಗಿಸಿ, ಎರಡು ತೂತು ಗುರುತು ಹಾಕುತ್ತೇನೆ: ಒಂದು ಮುಂದುಗಡೆ, ಹಣೆಯ ಮೂಳೆ ಹಿಂದಿನ ಮೂಳೆಗೆ ಕೂಡುವ ಕರೋನಲ್ ಸೂಚರ್ ಬಳಿ, ಇನ್ನೊಂದು ಹಿಂದೆ, ತಲೆಯ ಪಕ್ಕದ ಪರೈಟಲ್ ಮೂಳೆಯ ಉಬ್ಬಿನ ಮೇಲೆ. ಮುಂದೆ ಬುರುಡೆ ತೆರೆಯಬೇಕಾಗಿ ಬಂದರೆ ಎರಡೂ ಗಾಯ ಕೂಡಿಸಿ, ಮಡಚಿ ತೆರೆಯುವ ಒಂದೇ ಚರ್ಮದ ಫ್ಲಾಪ್ ಆಗುವಂತಿರಬೇಕು. ಡ್ಯೂರಾವನ್ನು ಬೈಪೋಲಾರ್ ಎಂಬ ವಿದ್ಯುತ್ ಚಿಮುಟದಲ್ಲಿ ಸುಟ್ಟು ಪ್ಲಸ್ ಆಕಾರದಲ್ಲಿ ಕತ್ತರಿಸಿ, ಅದರಡಿ ಹಳೆಯ ರಕ್ತದ ಸುತ್ತ ಬೆಳೆದ ಹೊಸ ಪೊರೆಯನ್ನೂ ತೆರೆಯಬೇಕು. ಹಳೆಯ ಇಂಜಿನ್ ಆಯಿಲ್‌ನಂಥ ದ್ರವ ಒತ್ತಡದಲ್ಲಿ ಚಿಮ್ಮುತ್ತದೆ. ಇಲ್ಲಿ ಅವಸರ ಬೇಡ. ತೂತಿನ ಮೇಲೆ ಹತ್ತಿಯ ಪ್ಯಾಟಿ ಒತ್ತಿ ಹಿಡಿದು ನಿಧಾನ ಬಿಡುತ್ತೇನೆ. ಒಮ್ಮೆಲೇ ಒತ್ತಡ ಇಳಿದರೆ ಮಿದುಳಿನೊಳಗೆ ಹೊಸ ರಕ್ತಸ್ರಾವ ಆಗಬಹುದು.

ತೊಳೆಯಲು ಮೈಬಿಸಿಯಷ್ಟು, ಅಂದರೆ 37 ಡಿಗ್ರಿ ಸಲೈನ್. ನೀರು ತಿಳಿಯಾಗುವವರೆಗೆ ಸುರಿಯುತ್ತೇನೆ, ಒಂದು ಲೀಟರಾದರೂ ಬೇಕಾಗುತ್ತದೆ. ರೂಮಿನ ಏಸಿಯಲ್ಲಿ ತಣ್ಣಗಾದ ಬಾಟಲಿಗಿಂತ ಬೆಚ್ಚಗಿನದರಲ್ಲಿ ಮರುಕಳಿಸುವುದು ಕಡಿಮೆ ಎಂದು ಸ್ವೀಡನ್‌ನ ಅಧ್ಯಯನವೂ ತೋರಿಸಿದೆ. ಖರ್ಚಿಲ್ಲದ ಕೆಲಸ, ಆದರೆ ಸಿಸ್ಟರ್‌ಗೆ ಮೊದಲೇ ಹೇಳಿ ಬಾಟಲಿ ಬಿಸಿಗಿಡಿಸಬೇಕು.

ಇನ್ನು ಡ್ರೈನ್, ಅಂದರೆ ಉಳಿದ ದ್ರವ ಹೊರಗೆ ಹರಿಯಲು ಇಡುವ ಕೊಳವೆ. 2009ರಲ್ಲಿ ಕೇಂಬ್ರಿಜ್ ತಂಡ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡ್ರೈನ್ ಇಡದವರಲ್ಲಿ ಶೇ. 24 ಮಂದಿಗೆ ಮರುಕಳಿಸಿತ್ತು, ಇಟ್ಟವರಲ್ಲಿ ಶೇ. 9.3. ಆರು ತಿಂಗಳಲ್ಲಿ ತೀರಿಕೊಂಡವರ ಪ್ರಮಾಣವೂ ಇಟ್ಟವರಲ್ಲಿ ಇಡದವರ ಅರ್ಧಕ್ಕಿಂತ ಕಡಿಮೆ. ಅಷ್ಟಾದ ಮೇಲೂ ‘ಚೆನ್ನಾಗಿ ತೊಳೆದಿದ್ದೇನೆ, ಡ್ರೈನ್ ಬೇಡ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಮೆತ್ತನೆಯ ಸಿಲಿಕೋನ್ ಡ್ರೈನ್, ತುದಿ ಹಣೆಯ ಕಡೆಗೆ. ಗಾಯದಿಂದ ದೂರದಲ್ಲಿ ಚರ್ಮದಿಂದ ಹೊರಗೆ. ಮಿದುಳು ಆಗಲೇ ಮೇಲೆದ್ದು ತೂತಿನ ಹತ್ತಿರ ಬಂದಿದ್ದರೆ ಒಳಗೆ ತಳ್ಳಬಾರದು, ಅದು ಮಿದುಳಿಗೇ ಚುಚ್ಚುತ್ತದೆ. ಆಗ ಬುರುಡೆ ಮೂಳೆಯ ಮೇಲೆ, ಮೂಳೆಯ ಹೊರಪೊರೆಯಡಿ ಇಡುವುದು ಸುರಕ್ಷಿತ. ಬಾಸೆಲ್‌ನ ಅಧ್ಯಯನದಲ್ಲಿ ಹಾಗೆ ಇಟ್ಟವರಲ್ಲಿ ಮರುಕಳಿಸುವಿಕೆ ಹೆಚ್ಚಾಗಿರಲಿಲ್ಲ.

ಮುಚ್ಚುವಾಗ ಮೊದಲು ಹಿಂದಿನ, ಅಂದರೆ ತಗ್ಗಿನ ತೂತು. ಎತ್ತರದ ಮುಂದಿನ ತೂತಿನಿಂದ ಸಲೈನ್ ತುಂಬಿ ಗಾಳಿಯನ್ನೆಲ್ಲ ಹೊರಡಿಸಿದ ಮೇಲೆ ಅದನ್ನೂ ಮುಚ್ಚುವುದು. ಗಾಳಿ ಉಳಿದು ಹಣೆಯ ಭಾಗದ ಮಿದುಳನ್ನು ಎರಡೂ ಕಡೆ ಒತ್ತಿದರೆ, ಎಚ್ಚರವಾಗಬೇಕಾದ ರೋಗಿ ಮಂಕಾಗುತ್ತಾನೆ.

ಡ್ರೈನ್‌ನ ಬ್ಯಾಗು ತಲೆಗಿಂತ ಕೆಳಗೆ, ಸಕ್ಷನ್ (ಹೀರುವ ಒತ್ತಡ) ಇಲ್ಲದೆ, 48 ಗಂಟೆ. ರೋಗಿಯನ್ನು ಎಬ್ಬಿಸುವಾಗ, ಶೌಚಕ್ಕೆ ಕರೆದೊಯ್ಯುವಾಗ ಡ್ರೈನ್ ಕ್ಲಾಂಪ್ ಮಾಡಲು ವಾರ್ಡಿನವರಿಗೆ ಬರೆದೇ ಕೊಡುತ್ತೇನೆ. ಬ್ಯಾಗು ಹಾಸಿಗೆ ಮೇಲಿಟ್ಟರೆ ದ್ರವ ಹಿಮ್ಮುಖ ಹರಿಯುತ್ತದೆ, ಸೋಂಕಿನ ಭಯ. ಮಲಗಿಸಿಯೇ ಇಟ್ಟರೆ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ವಾಡಿಕೆಯಾಗಿ ಕೊಡುವುದನ್ನು ಬಿಟ್ಟಿದ್ದೇನೆ. ಬ್ರಿಟನ್‌ನ 2020ರ ದೊಡ್ಡ ಅಧ್ಯಯನದಲ್ಲಿ ಅದನ್ನು ಪಡೆದವರಲ್ಲಿ ಮರು ಆಪರೇಷನ್ ಕಮ್ಮಿಯಾದರೂ, ಚೇತರಿಸಿಕೊಂಡವರ ಪ್ರಮಾಣವೂ ಕಮ್ಮಿಯಾಗಿತ್ತು.

ಮರುದಿನದ ಸ್ಕ್ಯಾನ್‌ನಲ್ಲಿ ಒಂದಿಷ್ಟು ದ್ರವ, ಗಾಳಿ ಇದ್ದೇ ಇರುತ್ತದೆ. ಕುಗ್ಗಿದ ಮಿದುಳು ಹಿಗ್ಗಲು ವಾರಗಳು ಬೇಕು. ಫಿಲಂ ನೋಡಿ ಗಾಬರಿಯಾಗಿ ಮತ್ತೆ ತೆರೆಯುವುದಿಲ್ಲ. ಕೈ ಬಲ ಇಳಿದರೆ, ಮಾತು ತೊದಲಿದರೆ ಮಾತ್ರ ಅದೇ ತೂತುಗಳನ್ನು ತೆರೆದು ತೊಳೆಯುತ್ತೇನೆ. ಒಳಗೆ ದಪ್ಪ ಪೊರೆಗಳ ಗೂಡು ಇದ್ದರೆ ಬುರುಡೆ ತೆರೆಯುವ ಕ್ರೇನಿಯಾಟಮಿ ಬೇಕಾಗುತ್ತದೆ. ಈಚೆಗೆ, ಡ್ಯೂರಾಕ್ಕೆ ರಕ್ತ ಕೊಡುವ ಮಿಡ್ಲ್ ಮೆನಿಂಜಿಯಲ್ ಧಮನಿಯನ್ನು ಒಳಗಿನಿಂದಲೇ ಮುಚ್ಚುವ ವಿಧಾನವೂ ಬಂದಿದೆ, 2024ರ ಅಧ್ಯಯನಗಳ ಫಲಿತಾಂಶ ಭರವಸೆ ಹುಟ್ಟಿಸುವಂತಿದೆ. ಖರ್ಚು ಹೆಚ್ಚು, ರಕ್ತನಾಳದೊಳಗೆ ಕೊಳವೆ ತೂರಿಸಿ ಚಿಕಿತ್ಸೆ ಮಾಡುವ ಕ್ಯಾಥ್‌ಲ್ಯಾಬ್ ಬೇಕು. ಪದೇಪದೇ ಮರುಕಳಿಸುವವರಿಗೆ, ರಕ್ತ ತೆಳುಮಾಡುವ ಮಾತ್ರೆ ಬಿಡಲಾಗದವರಿಗೆ ನಾನು ಅದನ್ನು ಸೂಚಿಸುತ್ತೇನೆ.