ಕ್ರಿಕೆಟ್ ಕೈಗೆ ಬೇಸ್‌ಬಾಲ್ ಬ್ಯಾಟ್

ಜಯನಗರದ ಕಡೆ ಒಂದು ಶಾಲಾ ಮೈದಾನದಲ್ಲಿ ಮಕ್ಕಳಿಗೆ ಬೇಸ್‌ಬಾಲ್ ಬ್ಯಾಟಿಂಗ್ ಹೇಳಿಕೊಡುತ್ತೇನೆ. ಬರುವವರೆಲ್ಲ ಗಲ್ಲಿ ಕ್ರಿಕೆಟ್ ಆಡಿಕೊಂಡು ಬೆಳೆದವರೇ. ಬಾಲ್ ನೋಡುವ ಕಣ್ಣು ಆಗಲೇ ತಯಾರಿರುತ್ತದೆ. ಅದನ್ನು ಕೆಡಿಸಬಾರದು. ಬದಲಾಗಬೇಕಾದದ್ದು ಸೊಂಟ.

ಕ್ರಿಕೆಟ್ ಬ್ಯಾಟು ಚಪ್ಪಟೆ, ಅಗಲ ನಾಲ್ಕೂಕಾಲು ಇಂಚಿನವರೆಗೂ ಇರಬಹುದು. ಬೇಸ್‌ಬಾಲ್ ಬ್ಯಾಟು ದುಂಡಗೆ. ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲೂ ಅದರ ದಪ್ಪ 2.61 ಇಂಚು ಮೀರುವಂತಿಲ್ಲ. ಕೂದಲೆಳೆ ಆಚೀಚೆ ಆದರೂ ಬಾಲ್ ಆಕಾಶಕ್ಕೆ, ಇಲ್ಲಾ ನೆಲಕ್ಕೆ. ಹಾಗಾಗಿ ಮೊದಲು ಬ್ಯಾಟಿಗೆ ಬಾಲ್ ಸರಿಯಾಗಿ ಸಿಗಲಿ, ದೂರದ ಮಾತು ಆಮೇಲೆ.

ಇದಕ್ಕೆ ನನ್ನ ನೆಚ್ಚಿನ ಸಾಧನ ಇಪ್ಪತ್ತು ಲೀಟರ್ ನೀರಿನ ಕ್ಯಾನಿನ ಮುಚ್ಚಳ. ನಮ್ಮೂರಲ್ಲಿ ಯಾವ ಮನೆಯಲ್ಲಿ ಸಿಗಲ್ಲ ಹೇಳಿ? ಡೊಮಿನಿಕನ್ ರಿಪಬ್ಲಿಕ್‌ನ ಬೀದಿಗಳಲ್ಲಿ ಮಕ್ಕಳು ಇಂಥದೇ ಮುಚ್ಚಳವನ್ನು ಪೊರಕೆ ಕೋಲಿನಿಂದ ಹೊಡೆದು ಆಡುತ್ತಾರೆ. ಆಟದ ಹೆಸರು ವಿಟಿಲ್ಲಾ. ನಾವು ಮಾಪ್ ಕೋಲು ಬಳಸುತ್ತೇವೆ. ಬೆರಳಿನ ತುದಿಯಿಂದ ತಿರುಗಿಸಿ ಎಸೆದರೆ ಮುಚ್ಚಳ ಗಾಳಿಯಲ್ಲಿ ಹೇಗೆಂದರೆ ಹಾಗೆ ವಾಲುತ್ತದೆ. ಅವಸರಪಟ್ಟು ಮೊದಲೇ ಬೀಸಿದವರಿಗೆ ಸಿಗೋದಿಲ್ಲ. ಕೊನೆಯವರೆಗೂ ನೋಡುವುದನ್ನು ಮಕ್ಕಳು ತಾವೇ ಕಲಿಯುತ್ತಾರೆ.

ಇನ್ನು ಪವರ್. ಹೊಸಬರೆಲ್ಲ ಫುಲ್‌ಟಾಸ್ ಸಿಕ್ಕಿದ ಖುಷಿಯಲ್ಲಿ ಬರೀ ತೋಳಲ್ಲೇ ಬೀಸುತ್ತಾರೆ.

"ಸರ್, ಅಷ್ಟು ಜೋರಾಗಿ ಹೊಡೆದೆ, ಯಾಕೆ ಹೋಗ್ಲಿಲ್ಲ?"

"ಹಿಂದಿನ ಕಾಲು ನೋಡ್ಕೋ ಮಗಾ. ಹಿಮ್ಮಡಿ ಎದ್ದೇ ಇಲ್ಲ."

ಮಣ್ಣು ಸುಳ್ಳು ಹೇಳಲ್ಲ. ಸೊಂಟ ಪೂರ್ತಿ ತಿರುಗಿದ್ದರೆ ಹಿಂದಿನ ಪಾದದ ತುದಿ ತಿರುಚಿ, ಮಣ್ಣಿನಲ್ಲಿ ಅರ್ಧ ಚಂದ್ರದ ಗುರುತು ಬಿದ್ದಿರುತ್ತದೆ. ಬೀಸಿದ ಮೇಲೆ ಬಾಲ್ ನೋಡುವ ಮುಂಚೆ ಆ ಗುರುತು ನೋಡಿ ಅನ್ನುತ್ತೇನೆ. ಭಾರ ಮೊದಲು ಹಿಂದಿನ ಕಾಲಿನ ಮೇಲೆ ಕೂರಬೇಕು. ಮುಂದಿನ ಪಾದ ಊರಿದ ಮೇಲೆ ಸೊಂಟ ತಿರುಗಬೇಕು. ಭುಜ ಅರೆಕ್ಷಣ ತಡವಾಗಿ ಹಿಂಬಾಲಿಸಬೇಕು. ಒದ್ದೆ ಬೆಡ್‌ಶೀಟ್ ಹಿಂಡುವಾಗ ಬರುವ ಬಿಗಿ ಇದೆಯಲ್ಲ, ನಡುವಿನಲ್ಲಿ ಆ ಬಿಗಿ ಬರಬೇಕು. ಗೋಡೆಗೆ ಪಕ್ಕವಾಗಿ ನಿಂತು ಎರಡು ಕೆಜಿಯ ಮೆಡಿಸಿನ್ ಬಾಲನ್ನು (ವ್ಯಾಯಾಮದ ಭಾರದ ಚೆಂಡು) ಸೊಂಟದಿಂದ ಎಸೆಯುವುದು ಇದಕ್ಕೆ ಒಳ್ಳೇ ಅಭ್ಯಾಸ. ಜಾಸ್ತಿ ಭಾರದ ಬ್ಯಾಟು ಬೇಡವೇ ಬೇಡ. ಅಪ್ಪಂದಿರು "ಬೆಳೆಯೋ ಹುಡುಗ ಅಲ್ವಾ" ಅಂತ ದೊಡ್ಡದೇ ತಂದುಕೊಡುತ್ತಾರೆ. ಹುಡುಗ ಅದನ್ನು ಎಳೆದುಕೊಂಡು ಬೀಸುವಷ್ಟರಲ್ಲಿ ಬಾಲ್ ಹಿಂದೆ ಕೂತ ಕ್ಯಾಚರ್ ಕೈ ಸೇರಿರುತ್ತದೆ.

ಓಟದಲ್ಲಿ ಕ್ರಿಕೆಟ್ ಅಭ್ಯಾಸ ಬಿಡಿಸುವುದೇ ಮುಖ್ಯ ಕೆಲಸ. ಬ್ಯಾಟ್ ಹಿಡಿದುಕೊಂಡೇ ಓಡುತ್ತಾರೆ. ಬಾಲ್ ಹೊಡೆದ ಮೇಲೆ ಓಡಿ ಮುಟ್ಟಬೇಕಾದ ಮೊದಲ ಬೇಸ್ ಹತ್ತಿರ ಬಂದ ಕೂಡಲೇ ನಿಧಾನ ಮಾಡುತ್ತಾರೆ. ದೊಡ್ಡವರ ಆಟದಲ್ಲಿ ಬ್ಯಾಟ್ ಮಾಡುವ ಜಾಗದಿಂದ ಅಲ್ಲಿಗೆ 90 ಅಡಿ. ಮೊದಲ ಬೇಸನ್ನು ತುಳಿದು ಮುಂದಕ್ಕೆ ಓಡಿಹೋದರೂ ನೇರ ವಾಪಸ್ ಬಂದರೆ ಔಟ್ ಇಲ್ಲ. ಅದಕ್ಕೆ ಬೇಸಿನಾಚೆ ಒಂದು ಕೋನ್ ಇಟ್ಟು, ಅಲ್ಲಿಯವರೆಗೂ ಅದೇ ವೇಗದಲ್ಲಿ ಓಡಿಸುತ್ತೇನೆ.

ಎಡಗೈ ಬ್ಯಾಟರ್‌ಗಳು ಮೊದಲ ಬೇಸಿಗೆ ಒಂದೆರಡು ಹೆಜ್ಜೆ ಹತ್ತಿರವೇ ನಿಂತಿರುತ್ತಾರೆ. 2004ರಲ್ಲಿ 262 ಹಿಟ್ (ಬಾಲ್ ಹೊಡೆದು ಬೇಸ್ ಸೇರುವುದು) ಹೊಡೆದು ಮೇಜರ್ ಲೀಗ್‌ನಲ್ಲಿ ಒಂದು ಸೀಸನ್ನಿನ ದಾಖಲೆ ಬರೆದ ಜಪಾನಿನ ಆಟಗಾರ ಇಚಿರೊ ಸುಜುಕಿ ಎಸೆಯುತ್ತಿದ್ದದ್ದು ಬಲಗೈಯಲ್ಲಿ, ಬ್ಯಾಟ್ ಬೀಸುತ್ತಿದ್ದದ್ದು ಎಡಗಡೆ ನಿಂತು. ಬಲಗೈಲಿ ಬೌಲ್ ಮಾಡಿ ಎಡಗೈಲಿ ಬ್ಯಾಟ್ ಮಾಡುವ ಮಕ್ಕಳು ನಮ್ಮಲ್ಲೂ ಇದ್ದಾರೆ. ಅವರನ್ನು ಬದಲಿಸಲು ನಾನು ಹೋಗುವುದೇ ಇಲ್ಲ.