ಮಸಾರಿ ನೆಲ, ಕಲ್ಲಿನ ಸ್ಟೇಷನ್ನು: ಮಾದರಿ ರೈಲಿಗೆ ಕೊಪ್ಪಳ ಸೀಮೆಯ ನೆಲ ಕಟ್ಟಿದ ಬಗೆ

ಮಾದರಿ ರೈಲಿನ ಹವ್ಯಾಸಕ್ಕೆಂದು ಅಂಗಡಿಯಲ್ಲಿ ಸಿಗುವ ಸಿದ್ಧ ಸಾಮಗ್ರಿಗಳು ಬಹುಮಟ್ಟಿಗೆ ಯುರೋಪು, ಅಮೆರಿಕಗಳ ನೆಲವನ್ನು ಕಣ್ಣಮುಂದಿಟ್ಟುಕೊಂಡು ತಯಾರಾದವು. ಹಚ್ಚಹಸಿರು ಹುಲ್ಲುಹಾಸು, ಚೂಪು ತಲೆಯ ಮರಗಳು, ಕಡಿದಾದ ಹೆಂಚಿನ ಮಾಡಿನ ಮನೆಗಳು, ಪದರ ಪದರವಾಗಿ ನಿಂತ ಬಂಡೆಗೋಡೆಯ ಅಚ್ಚುಗಳು ಬೇಕಾದಷ್ಟಿವೆ. ಆದರೆ ಹೊಸಪೇಟೆಯಲ್ಲಿ ರೈಲು ಹತ್ತಿ, ತುಂಗಭದ್ರೆಯ ಸೇತುವೆ ದಾಟಿ, ಮುನಿರಾಬಾದ್, ಗಿಣಿಗೇರಾ ಹಾದು ಕೊಪ್ಪಳಕ್ಕೆ ಬರುವವರಿಗೆ ಕಿಟಕಿಯಾಚೆ ಕಾಣುವುದು ಗುಂಡುಕಲ್ಲಿನ ಗುಡ್ಡ, ಕೆಂಪು ಮಸಾರಿ ಮಣ್ಣು, ಅಲ್ಲಲ್ಲಿ ಕಪ್ಪು ಮಣ್ಣಿನ ಎರೆ ಹೊಲ, ಎಲ್ಲೆಡೆ ಬಳ್ಳಾರಿ ಜಾಲಿ. ಈ ಮಾರ್ಗದ ಒಂದು ಸಣ್ಣ ಕಾಲ್ಪನಿಕ ನಿಲ್ದಾಣವನ್ನು ನಾನು ಕಟ್ಟಲು ಹೊರಟಾಗ ಒಂದೇ ನಿಯಮ ಹಾಕಿಕೊಂಡೆ: ಹಳಿಯ ಮೇಲೆ ಒಂದು ಗಾಡಿಯೂ ನಿಂತಿರದಿದ್ದರೂ ಇದು ಕೊಪ್ಪಳ ಸೀಮೆ ಎಂದು ನೋಡಿದವರಿಗೆ ತಿಳಿಯಬೇಕು.

ಬಳಸಿದ್ದು ಎಚ್‌ಒ ಅಳತೆ, ಅಂದರೆ 1:87; ನಿಜದ 87 ಮಿ.ಮೀ. ಮಾದರಿಯಲ್ಲಿ 1 ಮಿ.ಮೀ. ಈ ಅಳತೆಯಲ್ಲಿ ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ.; ಅದು 1435 ಮಿ.ಮೀ.ನ ಸ್ಟ್ಯಾಂಡರ್ಡ್ ಗೇಜಿಗೆ ಹೊಂದುವಂಥದ್ದು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಇರುವುದರಿಂದ ಲೆಕ್ಕದ ಪ್ರಕಾರ 19.3 ಮಿ.ಮೀ. ಹಳಿ ಬೇಕು. ಅದನ್ನು ಕೈಯಾರೆ ಕೂಡಿಸುವ ತಾಳ್ಮೆಯುಳ್ಳವರು ಮಾಡಲಿ. ನನ್ನ ಆಸಕ್ತಿ ಹಳಿಯ ಆಚೀಚಿನ ನೆಲದಲ್ಲಿದ್ದುದರಿಂದ ಅಂಗಡಿಯ ಹಳಿಯನ್ನೇ ಒಪ್ಪಿಕೊಂಡೆ. ಉದ್ದದ ವಿಷಯದಲ್ಲಿ ಮಾತ್ರ ಮೊದಲೇ ಲೆಕ್ಕ ಹಾಕಬೇಕಾಗುತ್ತದೆ. 8 ಅಡಿ ಉದ್ದದ ಒಂದು ಪ್ಲೈವುಡ್ ಹಾಳೆ ಈ ಅಳತೆಯಲ್ಲಿ ಸುಮಾರು 212 ಮೀಟರ್ ನೆಲಕ್ಕೆ ಸಮ. ಅದಿರು ಸಾಗಿಸುವ ಬಾಕ್ಸ್‌ಎನ್ ವ್ಯಾಗನ್ ಒಂದರ ಉದ್ದ 10.7 ಮೀಟರ್, 58 ವ್ಯಾಗನ್ನುಗಳ ಗಾಡಿಯನ್ನು ಪೂರ್ತಿ ಮಾಡಿದರೆ ಎಂಜಿನ್ ಬಿಟ್ಟೇ 7 ಮೀಟರ್ ದಾಟುತ್ತದೆ. ಮನೆಯ ಮಾಳಿಗೆಯ ಕೋಣೆಯಲ್ಲಿ ಅದು ಸಾಧ್ಯವಿಲ್ಲದ್ದರಿಂದ ಗಾಡಿಯನ್ನೂ ಪ್ಲಾಟ್‌ಫಾರ್ಮನ್ನೂ ಗಿಡ್ಡ ಮಾಡಿದೆ. ಆದರೆ ಬಾಗಿಲಿನ ಎತ್ತರ, ಗೋಡೆಯ ದಪ್ಪ, ಮೆಟ್ಟಿಲಿನ ಅಳತೆ ಇವುಗಳಲ್ಲಿ ಒಂದು ಮಿಲಿಮೀಟರನ್ನೂ ಕುಗ್ಗಿಸಲಿಲ್ಲ. ಉದ್ದ ಕಡಿಮೆಯಾದುದನ್ನು ಕಣ್ಣು ಕ್ಷಮಿಸುತ್ತದೆ. ಮನುಷ್ಯನ ಪಕ್ಕದಲ್ಲಿ ಬಾಗಿಲು ಗಿಡ್ಡವಾದರೆ ಕ್ಷಮಿಸುವುದಿಲ್ಲ.

ಸ್ಟೇಷನ್ ಕಟ್ಟಡಕ್ಕೆ ನಾನು ಮಾದರಿಯಾಗಿ ಇಟ್ಟುಕೊಂಡದ್ದು ಮೀಟರ್‌ಗೇಜ್ ಕಾಲದ, ಕೆತ್ತಿದ ಕಲ್ಲಿನ ಗೋಡೆಯ ಸಣ್ಣ ಕಟ್ಟಡ. ಇಂಥ ಕಟ್ಟಡದ ಅಳತೆ ಹಿಡಿಯಲು ಏಣಿ ಬೇಕಿಲ್ಲ. ಕೈಗೆಟುಕುವ ಒಂದು ವರಸೆ ಕಲ್ಲಿನ ಎತ್ತರ ಅಳೆದುಕೊಂಡು, ಫೋಟೋದಲ್ಲಿ ಮೇಲಿನವರೆಗೆ ವರಸೆಗಳನ್ನು ಎಣಿಸಿದರೆ ಗೋಡೆಯ ಎತ್ತರ ಸಿಗುತ್ತದೆ. ಅದೇ ಎಣಿಕೆಯಿಂದ ಕಿಟಕಿ ಎಷ್ಟನೆಯ ವರಸೆಯಲ್ಲಿ ಶುರುವಾಗುತ್ತದೆ, ಕಮಾನಿನ ನೆತ್ತಿ ಎಲ್ಲಿ ಬರುತ್ತದೆ ಎಂಬುದೂ ತಿಳಿಯುತ್ತದೆ. 28 ಸೆಂ.ಮೀ. ವರಸೆ ಮಾದರಿಯಲ್ಲಿ 3.2 ಮಿ.ಮೀ. ಆಗುತ್ತದೆ. ಗೋಡೆಗೆ ಬಳಸಿದ್ದು ಬೋರ್ಡು ಬರೆಯುವ ಅಂಗಡಿಗಳಲ್ಲಿ ತುಂಡು ತುಂಡಾಗಿ ಸಿಗುವ 3 ಮಿ.ಮೀ. ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಾಳೆ. ಅದರ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು, ಮಸಿ ಮುಗಿದ ಬಾಲ್‌ಪೆನ್ನಿನ ತುದಿಯಿಂದ ಒತ್ತಿ ಅಡ್ಡಗೆರೆಗಳನ್ನು ಎಳೆದು, ಉದ್ದಗೆರೆಗಳನ್ನು ಮಾತ್ರ ಕೈಯಂದಾಜಿನಲ್ಲಿ ಹಾಕಿದೆ. ಏಕೆಂದರೆ ಕಲ್ಲುಕುಟಿಗರು ವರಸೆಯ ಎತ್ತರವನ್ನು ಸಮ ಇಟ್ಟರೂ ಕಲ್ಲಿನ ಉದ್ದವನ್ನು ಎಲ್ಲಿಯೂ ಒಂದೇ ಸಮ ಇಟ್ಟಿರುವುದಿಲ್ಲ. ಗೆರೆ ಎಳೆದ ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ಗೋಡೆಯ ಮೇಲೆ ಒತ್ತಿದರೆ ಉಳಿ ಬಿದ್ದ ಮೈ ಬರುತ್ತದೆ.

ಗೋಡೆಯ ದಪ್ಪದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹಳೆಯ ಕಲ್ಲುಗೋಡೆ ಒಂದೂವರೆ ಅಡಿ ಇರುವುದು ಸಾಮಾನ್ಯ. ಮಾದರಿಯಲ್ಲಿ ಅದು 5 ಮಿ.ಮೀ.ಗಿಂತ ತುಸು ಹೆಚ್ಚು. ಸಿದ್ಧ ಕಿಟ್‌ಗಳಲ್ಲಿ ಗೋಡೆ ಒಂದೂವರೆ ಎರಡು ಮಿ.ಮೀ. ಇದ್ದು, ಕಿಟಕಿ ಗೋಡೆಯ ಮುಖಕ್ಕೇ ಅಂಟಿಕೊಂಡಿರುತ್ತದೆ. ನಮ್ಮ ಬಿಸಿಲಿನ ಊರಿನ ಕಟ್ಟಡಗಳ ಗುರುತೇ ಕಿಟಕಿಯ ಆಳದಲ್ಲಿ ನಿಂತ ಕಪ್ಪು ನೆರಳು. ಆದ್ದರಿಂದ 3 ಮಿ.ಮೀ. ಹಾಳೆಯ ಹಿಂದೆ ಮತ್ತೊಂದು ಹಾಳೆ ಅಂಟಿಸಿ, ಚೌಕಟ್ಟನ್ನು ಒಳಗಿನ ಹಾಳೆಗೆ ಕೂಡಿಸಿದೆ. ಬಣ್ಣ ಹಚ್ಚುವ ಮೊದಲೇ ಕಟ್ಟಡಕ್ಕೆ ತೂಕ ಬಂದಂತೆ ಕಂಡಿತು. ಇಡೀ ಕಟ್ಟಡದಲ್ಲಿ ಒಂದೇ ಕೆಲಸಕ್ಕೆ ಸಮಯವಿದೆ ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ.

ಪ್ಲಾಟ್‌ಫಾರ್ಮಿನ ಅಂಚಿಗೆ ಪೋಸ್ಟ್‌ಕಾರ್ಡ್ ದಪ್ಪದ ರಟ್ಟನ್ನು ಫರಸಿಯಂತೆ ಕತ್ತರಿಸಿ ಹಾಸಿದೆ. ಎತ್ತರದ ಪ್ಲಾಟ್‌ಫಾರ್ಮ್ ಹಳಿಯ ಮಟ್ಟದಿಂದ 760ರಿಂದ 840 ಮಿ.ಮೀ. ಇರುತ್ತದೆ, ಅಂದರೆ ಮಾದರಿಯಲ್ಲಿ 9 ಮಿ.ಮೀ. ಆಸುಪಾಸು. ಹೆಸರಿನ ಫಲಕವನ್ನು ಹಳದಿ ನೆಲದ ಮೇಲೆ ಕಪ್ಪಕ್ಷರದಲ್ಲಿ, ಮೇಲೆ ಕನ್ನಡ, ನಂತರ ಹಿಂದಿ, ಕೆಳಗೆ ಇಂಗ್ಲಿಷ್ ಬರುವಂತೆ ಗಣಕದಲ್ಲಿ ರಚಿಸಿ, ಫೋಟೋ ಸ್ಟುಡಿಯೋದಲ್ಲಿ ಹೊಳಪಿಲ್ಲದ ಕಾಗದದ ಮೇಲೆ ಮುದ್ರಿಸಿಕೊಂಡೆ. ಹೊಳಪು ಕಾಗದ ಈ ಕೆಲಸಕ್ಕೆ ಆಗದು.

ನಿಲ್ದಾಣದ ಹಿಂದಿನ ಓಣಿಯಲ್ಲಿ ಮಾಳಿಗೆ ಮನೆಗಳು ಬೇಕೇ ಬೇಕಿದ್ದವು. ಬಳ್ಳಾರಿ, ರಾಯಚೂರು, ಕೊಪ್ಪಳದ ಹಳೆಯ ಮನೆಗಳ ಮೇಲ್ಛಾವಣಿ ಚಪ್ಪಟೆ. ತೊಲೆ, ಜಂತಿಗಳ ಮೇಲೆ ಮಣ್ಣು ಹಾಕಿ ಗಟ್ಟಿಸಿದ್ದು. ಮಾದರಿಯನ್ನು ನಾವು ಯಾವಾಗಲೂ ಮೇಲಿನಿಂದ ನೋಡುವುದರಿಂದ ಛಾವಣಿಯೇ ಮನೆಯ ಮುಖವಾಗುತ್ತದೆ ಎಂಬುದನ್ನು ಮರೆಯಬಾರದು. ಅದರ ಮೇಲೆ ನಿಜವಾದ ಮಣ್ಣನ್ನೇ ತೆಳುವಾಗಿ ಬಳಿದು, ಬೆಳಕಿಗಾಗಿ ಬಿಟ್ಟ ಗವಾಕ್ಷಿ, ಮಳೆನೀರು ಬೀಳಲು ಗೋಡೆಯಿಂದ ಮುಂದಕ್ಕೆ ಚಾಚಿದ ತಗಡಿನ ಕೊಳವೆ, ಒಣಹಾಕಿದ ಮೆಣಸಿನಕಾಯಿಯ ಕೆಂಪು ಚೌಕ, ಒಂದು ಮುರುಕು ಹೊರಸು ಇಟ್ಟೆ. ಗೋಡೆಯ ಬುಡಕ್ಕೆ ಹುರುಮಂಜಿನ (ಕೆಂಪು ಮಣ್ಣುಬಣ್ಣದ) ಪಟ್ಟಿ ಎಳೆದದ್ದು ಕೊನೆಗೆ. ಕೊಳವೆಯ ಕೆಳಗೆ ಗೋಡೆಯ ಮೇಲೆ ಇಳಿದ ಕಂದು ಕಲೆ ಇರದಿದ್ದರೆ ಆ ಕೊಳವೆ ಅಲಂಕಾರಕ್ಕೆ ಇಟ್ಟಂತೆ ಕಾಣುತ್ತದೆ.

ಗುಡ್ಡದ ಕೆಲಸ ಇವೆಲ್ಲಕ್ಕಿಂತ ಹೆಚ್ಚು ಯೋಚನೆ ಬೇಡಿತು. ಆನೆಗೊಂದಿಯಿಂದ ಕೊಪ್ಪಳದ ಕೋಟೆಯವರೆಗೂ ಕಾಣುವ ಗುಡ್ಡಗಳು ಗ್ರಾನೈಟಿನವು. ಬಂಡೆಯೊಳಗಿನ ಬಿರುಕುಗಳ ಗುಂಟ ನೀರು ಇಳಿದು, ಮೂಲೆಗಳು ಸವೆದು, ಚೌಕ ತುಂಡುಗಳು ದುಂಡಗಾಗಿ ಒಂದರ ಮೇಲೊಂದು ಉಳಿದುಕೊಂಡವು. ಹಾಗಾಗಿ ಪದರಬಂಡೆಯ ಅಚ್ಚುಗಳು ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ನಿಜವಾದ ಗ್ರಾನೈಟ್ ಹರಳುಗಳನ್ನೇ, ಅಂದರೆ ಸಣ್ಣ ಕಲ್ಲುಗಳನ್ನೇ ಆರಿಸಿ ತಂದು ಪೇರಿಸಬಹುದಲ್ಲ ಎಂದು ಹಲವರು ಕೇಳುತ್ತಾರೆ. ತೂಕದ ಮಾತು ಹಾಗಿರಲಿ, ಕಲ್ಲಿನ ಕಣದ ಗಾತ್ರವೇ ಅಲ್ಲಿ ಅಡ್ಡಿ. ಬಂಡೆಯಲ್ಲಿ ಐದು ಮಿಲಿಮೀಟರಿನ ಕಣ ಈ ಅಳತೆಗೆ ಇಳಿದಾಗ ಕಣ್ಣಿಗೆ ಕಾಣಲೇಬಾರದು. ಹರಳಿನಲ್ಲಿ ಅದು ಹಾಗೆಯೇ ಉಳಿದಿರುವುದರಿಂದ ಹರಳು ಹರಳಾಗಿಯೇ ಕಾಣುತ್ತದೆ. ಮಾದರಿ ಬಂಡೆಯ ಮೈ ನಿಜವಾದ ಬಂಡೆಗಿಂತ ಬಹಳ ನಯವಾಗಿರಬೇಕು.

ದಾರಿ ಸಿಕ್ಕಿದ್ದು ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ. ಅಲ್ಲಿಯ ಚಿತ್ರಗಾರರು ಹಗುರ ಮರದ ಬೊಂಬೆಗಳ ಕೆಲಸದಲ್ಲಿ ಹುಣಸೆಬೀಜದ ಅಂಟನ್ನೂ ಮರದ ಹೊಟ್ಟನ್ನೂ ಕಲಸಿದ ಮುದ್ದೆಯನ್ನು ಬಳಸುತ್ತಾರೆ. ಅದೇ ತತ್ವದಲ್ಲಿ ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ ಕುದಿಸಿದ ಅಂಟಿಗೆ, ಚಹಾ ಸೋಸುವ ಜರಡಿಯಲ್ಲಿ ಇಳಿಸಿದ ನುಣ್ಣನೆಯ ಹೊಟ್ಟನ್ನು ಸೇರಿಸಿ ನಾದಿದೆ. ಹುಳ ಹಿಡಿಯದಂತೆ ಪುಸ್ತಕ ಕಟ್ಟುವವರು ಅಂಟಿಗೆ ಹಾಕುವ ಹಾಗೆ ಒಂದು ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದೆ. ಅದು ವಿಷವಾದ್ದರಿಂದ ಆ ಪಾತ್ರೆಯನ್ನು ಅಡುಗೆಮನೆಗೆ ಮರಳಿಸಬಾರದು. ಮುದ್ದೆಯನ್ನು ಮೊದಲು ಇಟ್ಟಿಗೆಯಾಕಾರದ ತುಂಡು ಮಾಡಿ, ಆಮೇಲೆ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ದುಂಡಗೆ ಮಾಡಬೇಕು. ನೇರವಾಗಿ ಉಂಡೆ ಕಟ್ಟಿದರೆ ಅದು ಲಾಡುವಿನ ರಾಶಿಯಾದೀತೇ ಹೊರತು ಗುಡ್ಡವಾಗದು. ಅರೆ ಒಣಗಿದಾಗ ಕೆಲವನ್ನು ಚಾಕುವಿನಿಂದ ಸೀಳಿ, ಎರಡು ಹೋಳುಗಳನ್ನು ಎದುರುಬದುರು ಇಟ್ಟರೆ ಸಿಡಿದ ಬಂಡೆ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಸುಣ್ಣದ ಪುಡಿ ಬೆರೆಸಿದ ಫೆವಿಕಾಲ್ ನೀರನ್ನು ಬಳಿದು ಮರಳುಕಾಗದದಿಂದ ಉಜ್ಜಿದೆ.

ಬಂಡೆಯ ಬಣ್ಣ ಬೂದಿಯಲ್ಲ. ಬೆಳಗಿನ ಬಿಸಿಲಿನಲ್ಲಿ ಅದು ತಿಳಿ ಗುಲಾಬಿ ಬೆರೆತ ಮಾಸಲು ಬಣ್ಣ. ಮಳೆನೀರು ಇಳಿಯುವ ಜಾಡಿನಲ್ಲಿ ಕಪ್ಪು ಪಟ್ಟೆಗಳು. ಆ ಪಟ್ಟೆಗಳು ಎರಡು ಬಂಡೆಗಳ ಸಂದಿನಿಂದ ಹೊರಟು ಕೆಳಗೆ ಹೋದಂತೆ ತೆಳುವಾಗಬೇಕು. ಹಿಂಬದಿಯ ಗುಡ್ಡಗಳಿಗೆ ಬಂಡೆಗಳನ್ನು ಚಿಕ್ಕದಾಗಿಸಿ, ಬಣ್ಣಕ್ಕೆ ಬಿಳಿಯನ್ನೂ ನೀಲಿಯನ್ನೂ ತುಸು ಬೆರೆಸಿದೆ. ಆಕಾಶವನ್ನು ದಿಗಂತದ ಹತ್ತಿರ ಬಹುಪಾಲು ಬಿಳಿಯಾಗಿಯೇ ಬಿಟ್ಟೆ. ಬೇಸಗೆಯ ನಮ್ಮ ಆಕಾಶ ಕ್ಯಾಲೆಂಡರಿನ ನೀಲಿಯಾಗಿರುವುದಿಲ್ಲ.

ಗುಡ್ಡದ ಕೆಳಗಿನ ಒಡಲು ಮಾತ್ರ ಫೋಮಿನದು. ಛಾವಣಿಯ ಬಿಸಿ ತಡೆಯಲು ಹಾಸುವ ಗಟ್ಟಿ ಫೋಮ್ ಹಲಗೆ ಸಿಕ್ಕರೆ ಒಳ್ಳೆಯದು, ಥರ್ಮಾಕೋಲ್ ಆದರೂ ನಡೆಯುತ್ತದೆ. ಎರಡೂ ಸ್ಪ್ರೇ ಬಣ್ಣದ ದ್ರಾವಕಕ್ಕೆ ಕರಗುತ್ತವಾದ್ದರಿಂದ ನೀರಿನ ಬಣ್ಣವನ್ನಷ್ಟೇ ಬಳಸಬೇಕು. ಔಷಧಿ ಅಂಗಡಿಯ ಪ್ಲಾಸ್ಟರ್ ಬ್ಯಾಂಡೇಜನ್ನು ನೀರಿನಲ್ಲಿ ಅದ್ದಿ ಮೇಲೆ ಹೊದಿಸಿದರೆ ತೆಳುವಾದ, ಗಟ್ಟಿಯಾದ ನೆಲ ಸಿದ್ಧ.

ಮಣ್ಣಿಗೆ ನಾನು ಹೊಲದ ಮಸಾರಿಯನ್ನೇ ತಂದೆ. ಅದನ್ನು ಹಳೆಯ ಹಂಚಿನ ಮೇಲೆ ಹುರಿದು ಬೀಜ, ಹುಳುಮೊಟ್ಟೆಗಳನ್ನು ಕಳೆದು, ಎರಡು ಜರಡಿಗಳಲ್ಲಿ ಸೋಸಿ, ಕೊನೆಗೆ ಕಾಗದದ ಮೇಲೆ ಹರಡಿ ಅಯಸ್ಕಾಂತ ಆಡಿಸಬೇಕು. ನಮ್ಮ ಸೀಮೆಯಲ್ಲಿ ಈ ಕೊನೆಯ ಹಂತವನ್ನು ಬಿಡುವಂತಿಲ್ಲ. ಮಣ್ಣಿನಲ್ಲಿರುವ ಕಪ್ಪು ಕಬ್ಬಿಣದ ಕಣಗಳನ್ನು ಮಾದರಿ ಎಂಜಿನ್ನಿನ ಮೋಟಾರಿನೊಳಗಿನ ಅಯಸ್ಕಾಂತ ಸೆಳೆದುಕೊಂಡು, ಮೋಟಾರನ್ನೂ ಗಾಲಿಗಳನ್ನೂ ಕೆಡಿಸುತ್ತದೆ. ಇದೇ ಕಾರಣಕ್ಕೆ ಸಂಡೂರು, ತೋರಣಗಲ್ಲಿನ ಕಡೆಯ ಅದಿರಿನ ದೂಳನ್ನು ಲೇಔಟಿಗೆ, ಅಂದರೆ ಈ ಮಾದರಿ ನೆಲಕ್ಕೆ ತರುವ ಆಸೆಯನ್ನು ಬಿಟ್ಟು, ಅದರ ಬದಲು ಹುರುಮಂಜಿನ ಪುಡಿಯನ್ನೇ ಬಳಸಿದೆ. ಎರೆ ಮಣ್ಣಿನ ಸ್ವಭಾವ ಬೇರೆ. ಒಣಗಿದಾಗ ಅದು ಕುಗ್ಗಿ ಬಿರಿಯುತ್ತದೆ, ಆದ್ದರಿಂದ ಹೊಲಕ್ಕೆ ಹಾಸಲು ಬರುವುದಿಲ್ಲ. ಆದರೆ ಒಂದು ಮೂಲೆಯಲ್ಲಿ ಬತ್ತಿದ ಕೆರೆಯಂಗಳ ಬೇಕಿತ್ತು. ಅಲ್ಲಿ ಎರೆಯನ್ನು ನೀರಿನಲ್ಲಿ ಕಲಸಿ ಕಾಗದದಷ್ಟು ತೆಳುವಾಗಿ ಬಳಿದಾಗ ಬಿರುಕುಗಳು ತಾವಾಗಿಯೇ ಸರಿಯಾದ ಅಳತೆಯಲ್ಲಿ ಮೂಡಿದವು.

ಹಳಿಯ ಜಲ್ಲಿಗೆ ಕ್ರಷರಿನ ಪುಡಿಯನ್ನು ಸೋಸಿ, ಅರ್ಧ ಮಿ.ಮೀ. ಗಾತ್ರದ್ದನ್ನು ಆರಿಸಿಕೊಂಡೆ, 50 ಮಿ.ಮೀ. ಜಲ್ಲಿ ಈ ಅಳತೆಗೆ ಬಂದರೆ ಅಷ್ಟೇ ಆಗುವುದು. ಒಣ ಜಲ್ಲಿಯನ್ನು ಮೆತ್ತನೆಯ ಬ್ರಷ್ಷಿನಿಂದ ಸ್ಲೀಪರುಗಳ ನಡುವೆ ಕೂರಿಸಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರನ್ನು ಸಿಂಪಡಿಸಿ, ಸಮ ಪ್ರಮಾಣದ ನೀರು ಬೆರೆಸಿದ ಫೆವಿಕಾಲನ್ನು ಸೂಜಿಯಿಲ್ಲದ ಸಿರಿಂಜಿನಿಂದ ಹನಿಸಬೇಕು. ಸೋಪು ಇಲ್ಲದಿದ್ದರೆ ಅಂಟು ಮೇಲೆಯೇ ಮುತ್ತಾಗಿ ನಿಂತು ಜಲ್ಲಿಯನ್ನು ಎತ್ತಿಬಿಡುತ್ತದೆ. ಬಣ್ಣದ ವಿಷಯದಲ್ಲಿ ನನಗೆ ಪಾಠ ಹೇಳಿದವರು, ಹಳಿಗುಂಟ ನಡೆದು ತಪಾಸಣೆ ಮಾಡುವ ಕೀಮ್ಯಾನ್ ಕೆಲಸದಿಂದ ನಿವೃತ್ತರಾದ ಒಬ್ಬರು. ನಾನು ಉದ್ದಕ್ಕೂ ಒಂದೇ ಸಮ ಕಪ್ಪು ಬಳಿಯಲು ಕೂತಿದ್ದಾಗ ಅವರು, “ಗಾಡಿ ನಿಂದ್ರೋ ಕಡೆ ಜಲ್ಲಿ ಕರ್ರಗ ಇರ್ತೈತ್ರಿ ಸರ, ಓಡೋ ಕಡೆ ಹಂಗ ಇರಂಗಿಲ್ಲ” ಎಂದರು. ಅದರಂತೆ ಸಿಗ್ನಲ್ಲಿನ ಮುಂದೆ ಎಂಜಿನ್ ನಿಲ್ಲುವಷ್ಟು ಜಾಗದಲ್ಲಿ ಮಾತ್ರ ಎಣ್ಣೆಗಪ್ಪು ಇಟ್ಟು, ಅದಿರು ಗಾಡಿ ನಿಲ್ಲುವ ಲೂಪ್ ಲೈನಿಗೆ (ಮೇನ್ ಲೈನಿನಿಂದ ಕವಲೊಡೆದು ಮತ್ತೆ ಸೇರುವ ಹಳಿಗೆ) ಹುರುಮಂಜನ್ನು ಒಣ ಬ್ರಷ್ಷಿನಿಂದ ಹಚ್ಚಿ, ಮೇನ್ ಲೈನನ್ನು ತಿಳಿಯಾಗಿ ಬಿಟ್ಟೆ.

ಕೆಂಪು ದೂಳಿಗೂ ಒಂದು ದಿಕ್ಕಿದೆ. ಅದು ವ್ಯಾಗನ್ನಿನ ಅಂಚುಗಳಲ್ಲಿ, ಹಳಿಯ ಕಡೆ ಮುಖ ಮಾಡಿದ ಗೋಡೆಯಲ್ಲಿ, ಕಿಟಕಿಯ ಕೆಳಗಿನ ಕಲ್ಲಿನ ಮೇಲೆ, ಜಾಲಿಯ ಕೆಳಗಿನ ಎಲೆಗಳಲ್ಲಿ ಹೆಚ್ಚು. ಕಟ್ಟಡದ ಹಿಂಬದಿಯಲ್ಲಿ ಕಡಿಮೆ. ಎಲ್ಲ ಕಡೆಗೂ ಒಂದೇ ಸಮ ದೂಳು ಹಚ್ಚುವುದು ಏನನ್ನೂ ಹಚ್ಚದಿರುವುದಕ್ಕಿಂತ ಕಡೆ ಎಂದು ನನ್ನ ಅಭಿಪ್ರಾಯ.

ಮರಗಳಿಗೆ ಒಣಗಿದ ತುಳಸಿ ಗಿಡದ ಕೊಂಬೆಗಳನ್ನು ಮೀರಿಸುವ ಸಾಮಗ್ರಿ ನನಗೆ ಸಿಕ್ಕಿಲ್ಲ. ಬೇವಿಗೆ ದಪ್ಪ ಕಾಂಡದ್ದು ಒಂದು ಸಾಕು. ಬಳ್ಳಾರಿ ಜಾಲಿಗೆ ತೆಳು ಕಡ್ಡಿಗಳನ್ನು ಬುಡದಲ್ಲಿ ಸೇರಿಸಿ ಕಟ್ಟಬೇಕು, ಏಕೆಂದರೆ ಅದು ನೆಲದಿಂದಲೇ ಕವಲೊಡೆಯುತ್ತದೆ. ಎಲೆಗೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರನ್ನು ಬೆಳಕು ತೂರುವಷ್ಟು ತೆಳುವಾಗಿ ಎಳೆದು ಹರಡಿ, ಬಣ್ಣ ಹಾಕಿದ ಮರದ ಹೊಟ್ಟನ್ನು ಉದುರಿಸಿದೆ. ಆ ಹಸಿರಿಗೆ ಬೂದು ಬೆರೆಸಲೇಬೇಕು. ನಾಲ್ಕು ಮೀಟರಿನ ಜಾಲಿ ಮಾದರಿಯಲ್ಲಿ 46 ಮಿ.ಮೀ. ಮಾತ್ರ. ಒಣ ಹುಲ್ಲಿಗೆ ಗೋಣಿಚೀಲದ ನಾರನ್ನು ಕತ್ತರಿಸಿ ಗೊಂಚಲಾಗಿ ನೆಟ್ಟೆ.

ಹಳಿಯ ಮೇಲಿನ ವಿದ್ಯುತ್ ತಂತಿ ಹೊರುವ ಕಂಬಗಳ ವಿಷಯದಲ್ಲಿ ಹೆಚ್ಚಿನ ಲೇಔಟುಗಳು ಅತಿಯಾಗಿ ಒತ್ತೊತ್ತಾಗಿರುತ್ತವೆ. ನೇರ ಹಳಿಯಲ್ಲಿ ಎರಡು ಕಂಬಗಳ ನಡುವೆ 72 ಮೀಟರಿನವರೆಗೆ ಅಂತರವಿರಬಹುದು, ಅಂದರೆ ಮಾದರಿಯಲ್ಲಿ 83 ಸೆಂ.ಮೀ. ನಾನು ಹಿತ್ತಾಳೆ ಪಟ್ಟಿಗಳನ್ನು ಬೆಸೆದು ಕೆಲವೇ ಕಂಬಗಳನ್ನು ನಿಲ್ಲಿಸಿ, ತಂತಿಯನ್ನು ಎಳೆಯದೆ ಬಿಟ್ಟಿದ್ದೇನೆ. ಹಳಿ ಒರೆಸಲು ಕೈ ಹೋಗಬೇಕಲ್ಲ.

ಲೇಔಟಿನ ಮೇಲೆ ಬೀಳುವ ಮನೆಯ ದೂಳಿಗೆ ಅಳತೆಯ ಹಂಗಿಲ್ಲದ್ದರಿಂದ, ಕೆಲಸವಿಲ್ಲದಾಗ ಹಳೆಯ ನೂಲಿನ ಸೀರೆ ಹೊದಿಸುತ್ತೇನೆ. ವ್ಯಾಕ್ಯೂಮ್ ಬಳಸುವಾಗ ಕೊಳವೆಯ ಬಾಯಿಗೆ ತೆಳು ಬಟ್ಟೆ ಕಟ್ಟಿಕೊಂಡರೆ, ಕಿತ್ತುಬಂದ ಹೊರಸು, ಮೇಕೆ, ಹಾಲಿನ ಕ್ಯಾನು ಇತ್ಯಾದಿ ಬಟ್ಟೆಯಲ್ಲೇ ಸಿಕ್ಕಿಕೊಂಡು ಉಳಿಯುತ್ತವೆ. ಅವನ್ನು ಮತ್ತೆ ಅವುಗಳ ಜಾಗದಲ್ಲಿ ಅಂಟಿಸಬಹುದು.